ಮೊಬೈಲ್ ಹೋಮ್‌ನಲ್ಲಿದ್ದೇವೆ, ಎಷ್ಟನೇ ಕೆಟಗರಿ ಚಂಡಮಾರುತಕ್ಕೆ ಮನೆ ಬಿಡಬೇಕು?

ಓದುಗರ ಪ್ರಶ್ನೆ: ನಾವು ಫ್ಲೋರಿಡಾದಲ್ಲಿ, ಟ್ಯಾಂಪಾದಿಂದ ಪೂರ್ವಕ್ಕೆ ಪ್ಲಾಂಟ್ ಸಿಟಿ ಕಡೆಯ ಒಂದು ಮೊಬೈಲ್ ಹೋಮ್ ಪಾರ್ಕ್‌ನಲ್ಲಿ, ಅಂದರೆ ಕಾರ್ಖಾನೆಯಲ್ಲಿ ತಯಾರಿಸಿ ತಂದು ಕೂರಿಸಿದ ಹಗುರ ಮನೆಗಳ ಬಡಾವಣೆಯಲ್ಲಿ, ಇದ್ದೇವೆ. ಬಾಡಿಗೆ ಕಟ್ಟಿ ಸಾಕಾಗಿ 1997ರಲ್ಲಿ ತಯಾರಾದ ಡಬಲ್-ವೈಡ್ (ಎರಡು ಭಾಗ ಜೋಡಿಸಿದ) ಮನೆಯೊಂದನ್ನು ಕೊಂಡೆವು. ನಾನು, ಹೆಂಡತಿ, ಇಲ್ಲೇ ಹುಟ್ಟಿದ ನಾಲ್ಕು ವರ್ಷದ ಮಗಳು. ನನ್ನದು ಎಚ್-1ಬಿ ಕೆಲಸದ ವೀಸಾ. ಕುಂದಾಪುರದಿಂದ ಅಪ್ಪ-ಅಮ್ಮ ಬಂದಿದ್ದಾರೆ, ಅಕ್ಟೋಬರ್ ಕೊನೆಯವರೆಗೆ ಇರುತ್ತಾರೆ. ಅಮ್ಮನಿಗೆ ಇನ್ಸುಲಿನ್, ಅಪ್ಪನಿಗೆ ರಾತ್ರಿ ನಿದ್ದೆಯಲ್ಲಿ ಉಸಿರಾಟಕ್ಕೆ ಸಿಪ್ಯಾಪ್ ಮಷಿನ್ ಬೇಕು. ನಮ್ಮ ಜಾಗ ಯಾವ ಇವ್ಯಾಕ್ಯುಯೇಷನ್ ಜೋನ್‌ನಲ್ಲೂ (ಆದೇಶ ಬಂದಾಗ ಮನೆ ಬಿಡಬೇಕಾದ ವಲಯ) ಇಲ್ಲ. ಪಾರ್ಕ್ ಮ್ಯಾನೇಜರ್ "ಟೈ-ಡೌನ್ (ಮನೆಯನ್ನು ನೆಲಕ್ಕೆ ಬಿಗಿದ ಪಟ್ಟಿ) ಚೆನ್ನಾಗಿದೆ, ಕೆಟಗರಿ 2ರ ತನಕ ಭಯ ಬೇಡ" ಎನ್ನುತ್ತಾರೆ. ಗಾಳಿ ಜೋರಾದಾಗ ಒಂದು ಕಿಟಕಿ ತೆರೆದಿಡಿ ಅಂತ ಪಕ್ಕದ ಮನೆಯವರ ಸಲಹೆ. ಅಪ್ಪನನ್ನು ಕೇಳಿದರೆ "ತೌಕ್ತೆ ನೋಡಿದವರು ನಾವು, ಇದೇನು ಮಹಾ" ಎಂದು ನಗುತ್ತಾರೆ. ಅಟ್ಲಾಂಟಾದಲ್ಲಿ ಸ್ನೇಹಿತರಿದ್ದಾರೆ, ಆದರೆ ವಯಸ್ಸಾದವರನ್ನು ಕೂರಿಸಿಕೊಂಡು ಅಷ್ಟು ದೂರ ಹೇಗೆ ಹೋಗೋದು? ಶೆಲ್ಟರ್‌ಗೆ ಹೋದರೆ ವೀಸಾ ಕೇಳುತ್ತಾರಾ? ಎಷ್ಟನೇ ಕೆಟಗರಿ ಬಂದರೆ ಹೊರಡಬೇಕು ಅಂತ ಒಂದು ಗೆರೆ ಹಾಕಿ ಕೊಡಿ.

ಉತ್ತರ: ಗೆರೆ ಕೇಳಿದ್ದೀರಿ, ಮೊದಲು ಅದನ್ನೇ ಹಾಕಿಬಿಡುತ್ತೇನೆ. ನಿಮ್ಮ ಹಿಲ್ಸ್‌ಬರೋ ಕೌಂಟಿಯವರು (ನಮ್ಮ ಜಿಲ್ಲಾಡಳಿತ ಇದ್ದಂತೆ) "ಮೊಬೈಲ್ ಹೋಮ್‌ನವರೆಲ್ಲ ಹೊರಡಿ" ಎಂದ ದಿನ ನೀವು ಹೊರಡಬೇಕು. ಕೆಟಗರಿ, ಅಂದರೆ ಗಾಳಿಯ ವೇಗದ ದರ್ಜೆ, ಒಂದೋ ನಾಲ್ಕೋ ನೋಡುವುದು ಬೇಡ. ಇನ್ನು ಅಟ್ಲಾಂಟಾ. ಅಲ್ಲಿಗೆ ಹೋಗುವ ಅಗತ್ಯ ಬಹುಶಃ ನಿಮಗೆ ಇಲ್ಲವೇ ಇಲ್ಲ. ಹತ್ತಿಪ್ಪತ್ತು ಮೈಲಿ ಒಳಗೆ ಒಂದು ಗಟ್ಟಿ ಕಟ್ಟಡ ಸಿಕ್ಕರೆ ಸಾಕು. ಚಂಡಮಾರುತ ಎಂದ ಕೂಡಲೇ ರಾಜ್ಯವನ್ನೇ ಬಿಟ್ಟು ಓಡಬೇಕು ಅಂದುಕೊಂಡು, ಅದು ಆಗದ ಮಾತು ಎನಿಸಿ, ಕೊನೆಗೆ ಮನೆಯಲ್ಲೇ ಉಳಿದುಬಿಟ್ಟ ಎಷ್ಟೋ ಕುಟುಂಬಗಳನ್ನು ನಾನು ಕಂಡಿದ್ದೇನೆ. ಗಾಳಿಗೆ ಬಿದ್ದ ಮನೆಗಳನ್ನು ತಪಾಸಣೆ ಮಾಡುವ ಎಂಜಿನಿಯರ್ ಕೆಲಸ ನನ್ನದು. ಹಾಗಾಗಿ ಮನೆಯಿಂದಲೇ ಶುರು ಮಾಡೋಣ.

ಜೋನ್ ಇಲ್ಲ ಎಂದರೆ ಏನು ಅರ್ಥ

ನೀವು ಹೇಳುವ ಎ, ಬಿ, ಸಿ ಜೋನ್‌ಗಳು ಗಾಳಿಯ ಲೆಕ್ಕದವಲ್ಲ. ಸಮುದ್ರದ ನೀರು ಉಕ್ಕಿ ನೆಲದ ಮೇಲೆ ಎಷ್ಟು ದೂರ ನುಗ್ಗಬಹುದು ಎಂದು ನೋಡಿ ಹಾಕಿದವು. ಅಮೆರಿಕದಲ್ಲಿ ಚಂಡಮಾರುತಗಳ ನೇರ ಸಾವುಗಳನ್ನು 1963ರಿಂದ 2012ರವರೆಗೆ ಲೆಕ್ಕ ಹಾಕಿದಾಗ, ಸುಮಾರು ನೂರಕ್ಕೆ ತೊಂಬತ್ತು ನೀರಿನಿಂದ ಆದವು. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಸಮುದ್ರ ಉಕ್ಕಿದ್ದರಿಂದ. ಅದಕ್ಕೇ ಜೋನ್‌ಗಳು ನೀರಿನ ಲೆಕ್ಕದಲ್ಲಿವೆ. ಜೋನ್ ಹೊರಗೆ ಕಾಂಕ್ರೀಟ್ ಬ್ಲಾಕ್ ಮನೆ ಇದ್ದವರು ಸಾಮಾನ್ಯವಾಗಿ ಒಳಗೇ ಇರಬಹುದು. ನಿಮ್ಮದು ಬ್ಲಾಕ್ ಮನೆಯಲ್ಲ. ಆ ಕಾರಣಕ್ಕೇ ಫ್ಲೋರಿಡಾದ ಕೌಂಟಿಗಳ ಆದೇಶದಲ್ಲಿ ಜೋನ್‌ಗಳ ಹೆಸರಿನ ಜೊತೆಗೆ "ಕೌಂಟಿಯ ಎಲ್ಲ ಮೊಬೈಲ್ ಹೋಮ್‌ಗಳು" ಎಂಬ ಮಾತು ಸೇರಿರುತ್ತದೆ. 2024ರ ಅಕ್ಟೋಬರ್‌ನಲ್ಲಿ ಮಿಲ್ಟನ್ ಚಂಡಮಾರುತ ಬಂದಾಗ ನಿಮ್ಮ ಕೌಂಟಿಯ ಆದೇಶವೂ ಹೀಗೇ ಇತ್ತು: ಎ ಮತ್ತು ಬಿ ಜೋನ್, ಜೊತೆಗೆ ಎಲ್ಲಿದ್ದರೂ ಸರಿ, ಮೊಬೈಲ್ ಹೋಮ್‌ನವರೆಲ್ಲರೂ.

ಇನ್ಶೂರೆನ್ಸ್ ಕಾಗದದಲ್ಲಿ ಬರುವ ಫ್ಲಡ್ ಜೋನ್ ಮತ್ತೊಂದು ಲೆಕ್ಕ. ಅದನ್ನೂ ಇದನ್ನೂ ಒಂದೇ ಎಂದುಕೊಳ್ಳಬೇಡಿ. ಇಲ್ಲಿ ಇಪ್ಪತ್ತು ವರ್ಷದಿಂದ ಇರುವವರೂ ಬೆರೆಸಿಕೊಳ್ಳುತ್ತಾರೆ.

ನಿಮ್ಮ ಮನೆ ಎಷ್ಟು ಗಟ್ಟಿ

ಇಲ್ಲಿ ನಿಮ್ಮ ಮ್ಯಾನೇಜರ್ ಹೇಳಿದ್ದರಲ್ಲಿ ಸ್ವಲ್ಪ ಸತ್ಯ ಇದೆ. 1992ರ ಆಗಸ್ಟ್‌ನಲ್ಲಿ ಆಂಡ್ರ್ಯೂ ಚಂಡಮಾರುತ ಮಯಾಮಿಯ ದಕ್ಷಿಣಕ್ಕೆ ಹೊಡೆಯಿತು. ಹೋಮ್‌ಸ್ಟೆಡ್ ಎಂಬ ಒಂದೇ ಊರಿನಲ್ಲಿ 1,176 ಮೊಬೈಲ್ ಹೋಮ್‌ಗಳಲ್ಲಿ 1,167 ಪೂರ್ತಿ ನೆಲಸಮ. ಉಳಿದದ್ದು ಒಂಬತ್ತು! ಆ ಪೆಟ್ಟಿನ ಮೇಲೆ ಕೇಂದ್ರ ಸರ್ಕಾರದ ವಸತಿ ಇಲಾಖೆ, ಇಲ್ಲಿನವರು ಹಡ್ ಎನ್ನುತ್ತಾರಲ್ಲ ಅದು, 1994ರ ಜುಲೈಯಿಂದ ನಿಯಮ ಬಿಗಿ ಮಾಡಿತು. ದೇಶವನ್ನು ಮೂರು ಗಾಳಿ ವಲಯಗಳಾಗಿ ವಿಂಗಡಿಸಿ, ಎರಡನೇ ವಲಯದ ಮನೆ ಗಂಟೆಗೆ 100 ಮೈಲಿ, ಮೂರನೆಯದು 110 ಮೈಲಿ ಗಾಳಿಯ ಲೆಕ್ಕಕ್ಕೆ ತಯಾರಾಗಬೇಕು ಎಂದಿತು. ಹಿಲ್ಸ್‌ಬರೋ ಎರಡನೇ ವಲಯದಲ್ಲಿದೆ.

2004ರಲ್ಲಿ ಚಾರ್ಲಿ ಚಂಡಮಾರುತ ಪುಂಟಾ ಗೋರ್ಡಾ ಕಡೆ ನುಗ್ಗಿದಾಗ ಈ ಬದಲಾವಣೆಯ ಫಲ ಕಣ್ಣಿಗೆ ಕಂಡಿತು. ಒಂದೇ ಪಾರ್ಕಿನಲ್ಲಿ 1994ರ ನಂತರದ ಮನೆಗಳು ಬಹುಮಟ್ಟಿಗೆ ನಿಂತಿದ್ದವು, ಹಳೆಯವು ಚೂರುಚೂರಾಗಿದ್ದವು. ನಿಮ್ಮದು 1997ರದ್ದು, ಅಂದರೆ ಗೆರೆಯ ಈಚೆಗಿನದು. ಒಳ್ಳೆಯದೇ. ಖಾತ್ರಿ ಮಾಡಿಕೊಳ್ಳಲು ಅಡುಗೆಮನೆ ಕಪಾಟಿನ ಒಳಬಾಗಿಲು, ಕರೆಂಟ್ ಪ್ಯಾನೆಲ್ ಪಕ್ಕ ಅಥವಾ ಬೆಡ್‌ರೂಮಿನ ಕ್ಲಾಸೆಟ್ ನೋಡಿ. ಡೇಟಾ ಪ್ಲೇಟ್ ಎಂಬ ಕಾಗದ ಅಂಟಿಸಿರುತ್ತಾರೆ, ಯಾವ ಗಾಳಿ ವಲಯಕ್ಕೆ ತಯಾರಿಸಿದ್ದು ಎಂದು ಅದರಲ್ಲಿ ಇರುತ್ತದೆ. ಬೇರೆ ರಾಜ್ಯಕ್ಕೆಂದು ಮಾಡಿದ ಒಂದನೇ ವಲಯದ ಮನೆ ಕೈ ಬದಲಾಗಿ ಇಲ್ಲಿಗೆ ಬಂದಿದ್ದರೆ ಅದರಲ್ಲೇ ಗೊತ್ತಾಗುತ್ತದೆ.

ಆದರೆ 100 ಮೈಲಿ ಎಂದು ಬರೆದ ಮಾತ್ರಕ್ಕೆ "ಕೆಟಗರಿ 2ರ ತನಕ ಭಯ ಬೇಡ" ಎನ್ನಲು ಬರುವುದಿಲ್ಲ. ಟಿವಿಯಲ್ಲಿ ಹೇಳುವುದು ಒಂದು ನಿಮಿಷದ ಸರಾಸರಿ ವೇಗ. ನಡುನಡುವೆ ರಪ್ಪನೆ ಬೀಸುವ ಗಾಳಿ ಅದಕ್ಕಿಂತ ಜಾಸ್ತಿ. ಕೆಟಗರಿ 1 ಎಂದರೆ 74ರಿಂದ 95 ಮೈಲಿ, ಕೆಟಗರಿ 2 ಎಂದರೆ 110ರ ತನಕ. ಕೇಳಲು ಸ್ವಲ್ಪವೇ ವ್ಯತ್ಯಾಸ ಅನಿಸುತ್ತದೆ, ಅಲ್ವಾ? ಗಾಳಿಯ ಒತ್ತಡ ಏರುವುದು ವೇಗದ ವರ್ಗದ ಲೆಕ್ಕದಲ್ಲಿ. 75 ಇದ್ದ ಗಾಳಿ 105 ಆದರೆ ಗೋಡೆಯ ಮೇಲಿನ ಒತ್ತಡ ಸುಮಾರು ಎರಡು ಪಟ್ಟು. ಮೇಲಾಗಿ ಆ 100 ಮೈಲಿ ಲೆಕ್ಕ ಹೊಸ ಮನೆಗೆ, ಸರಿಯಾಗಿ ಕಟ್ಟಿಹಾಕಿದ ಮನೆಗೆ ಹಾಕಿದ್ದು. ನಿಮ್ಮದಕ್ಕೆ ಕಾಲು ಶತಮಾನ ದಾಟಿದೆ.

ಟೈ-ಡೌನ್ ಹೇಗೆ ಕೆಲಸ ಮಾಡುತ್ತದೆ ನೋಡಿ. ಮನೆ ಕೂತಿರುವುದು ಸಿಮೆಂಟ್ ಇಟ್ಟಿಗೆ ಪೇರಿಸಿದ ಕಂಬಗಳ ಮೇಲೆ. ಉಕ್ಕಿನ ಪಟ್ಟಿಗಳು ಕೆಳಗಿನ ಕಬ್ಬಿಣದ ತೊಲೆಯನ್ನು ಹಿಡಿದು, ನೆಲಕ್ಕೆ ತಿರುಪಿ ಇಳಿಸಿದ ಆಂಕರ್‌ಗಳಿಗೆ ಕಟ್ಟಿಕೊಂಡಿರುತ್ತವೆ. ಮನೆ ಹಗುರ, ಗಾಳಿ ಅಡಿಯಿಂದಲೂ ನುಗ್ಗುತ್ತದೆ, ಮೇಲಿನಿಂದಲೂ ಎಳೆಯುತ್ತದೆ. ತಡೆದು ಹಿಡಿಯುವುದು ಆ ಪಟ್ಟಿ ಮತ್ತು ಮಣ್ಣು ಮಾತ್ರ. ಇಲ್ಲಿನದು ಮರಳು ಮಣ್ಣು. ಎರಡು ದಿನ ಮಳೆ ನೆನೆದರೆ ಅದರ ಹಿಡಿತ ಕಡಿಮೆಯಾಗುತ್ತದೆ. ಪಟ್ಟಿ ತುಕ್ಕು ಹಿಡಿಯುತ್ತದೆ, ಸಡಿಲ ಆಗುತ್ತದೆ. ಒಂದು ಟಾರ್ಚ್ ಹಿಡಿದು ಸ್ಕರ್ಟಿಂಗ್ (ಮನೆಯ ಅಡಿಭಾಗ ಮುಚ್ಚಿದ ಹಲಗೆ) ತೆಗೆಸಿ ನೋಡಿ: ಕೈಯಿಂದ ಎಳೆದರೆ ಪಟ್ಟಿ ಅಲುಗಾಡಬಾರದು, ಆಂಕರ್ ತಲೆ ನೆಲದಿಂದ ಮೇಲೆದ್ದಿರಬಾರದು. ಪಾರ್ಕ್‌ಗಳ ಮನೆಗಳಿಗೆ ಉಚಿತವಾಗಿ ಟೈ-ಡೌನ್ ಬಲಪಡಿಸುವ ಕಾರ್ಯಕ್ರಮವೊಂದನ್ನು ಫ್ಲೋರಿಡಾ ರಾಜ್ಯ ನಡೆಸುತ್ತಾ ಬಂದಿದೆ. ಮ್ಯಾನೇಜರ್‌ಗೆ "ನಮ್ಮ ಪಾರ್ಕ್ ಅರ್ಜಿ ಹಾಕಿದೆಯಾ?" ಎಂದು ಕೇಳಿ. ಇದು ಮನೆ ಉಳಿಸಿಕೊಳ್ಳಲು. ಮನೆಯೊಳಗೆ ಉಳಿಯುವುದಕ್ಕೆ ಪರವಾನಗಿ ಎಂದು ತಿಳಿಯಬೇಡಿ.

ನಾನು ನೋಡಿದ ಮನೆಗಳಲ್ಲಿ ಮೊದಲು ಸೋಲುವುದು ಮನೆಯೇ ಅಲ್ಲ. ಆಮೇಲೆ ಸೇರಿಸಿದ ಅಲ್ಯೂಮಿನಿಯಂ ಕಾರ್‌ಪೋರ್ಟ್, ಜಾಲರಿ ಹಾಕಿದ ಜಗಲಿ. ಅದು ಕಿತ್ತು ಹೋಗುವಾಗ ಮನೆಯ ಸೂರಿನ ಅಂಚನ್ನೂ ಹರಿದುಕೊಂಡು ಹೋಗುತ್ತದೆ. ಆ ಬಿರುಕಿನಲ್ಲಿ ಗಾಳಿ ಒಳನುಗ್ಗಿ ಚಾವಣಿಯನ್ನು ಒಳಗಿನಿಂದ ಮೇಲಕ್ಕೆ ಒತ್ತುತ್ತದೆ. ಇನ್ನೊಂದು ಅಪಾಯ ನಿಮ್ಮ ಕೈಯಲ್ಲೇ ಇಲ್ಲ. ಪಕ್ಕದ ಮನೆ 1970ರ ಆಸುಪಾಸಿನದಾಗಿದ್ದರೆ, ಅದರ ತಗಡು, ಹಲಗೆ ಹಾರಿ ಬಂದು ಬೀಳುವುದು ನಿಮ್ಮ ಕಿಟಕಿಗೇ.

ಕಿಟಕಿಯ ಮಾತು ಬಂತಲ್ಲ. ಒಳಗಿನ ಒತ್ತಡ ಹೊರಗೆ ಹೋಗಲಿ ಅಂತ ಕಿಟಕಿ ತೆರೆದಿಡುವ ಸಲಹೆ ಬಹಳ ಹಳೆಯದು, ಪೂರ್ತಿ ತಪ್ಪು. ಮೇಲೆ ಹೇಳಿದ ಬಿರುಕನ್ನು ನೀವೇ ಮಾಡಿಕೊಟ್ಟಂತೆ ಆಗುತ್ತದೆ. ಎಲ್ಲ ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿ, ಒಳಕೋಣೆಗಳ ಬಾಗಿಲನ್ನೂ ಮುಚ್ಚಿ ಹೊರಡಿ. ಗಾಜಿಗೆ ಅಡ್ಡಡ್ಡ ಟೇಪ್ ಅಂಟಿಸುವುದೂ ಸುಮ್ನೆ ಟೇಪ್ ದಂಡ.

ನಿಮ್ಮ ತಂದೆಯವರಿಗೆ ಹೀಗೆ ಹೇಳಿ

ತೌಕ್ತೆ 2021ರ ಮೇ ತಿಂಗಳಲ್ಲಿ ನಮ್ಮ ಕರಾವಳಿಯನ್ನು ಬದಿಯಿಂದ ಉಜ್ಜಿಕೊಂಡು ಹೋಗಿ ಗುಜರಾತಿನಲ್ಲಿ ದಡ ಹತ್ತಿತು. ಕುಂದಾಪುರದವರು ಕಡಲು ಕೊರೆದದ್ದನ್ನು, ಮರ ಬಿದ್ದದ್ದನ್ನು ಕಂಡರು. ಅದರ ಕೇಂದ್ರದ ಗಾಳಿ ನೆಲದ ಮೇಲೆ ಬಂದಿದ್ದು ಅಲ್ಲಿ ಅಲ್ಲ. ಅದಕ್ಕಿಂತ ಮುಖ್ಯ, ಊರಿನ ಮನೆಯ ಗೋಡೆ ಕೆಂಪು ಕಲ್ಲಿನದು. ಹೆಂಚು ಹಾರಿದರೂ ಗೋಡೆ ನಿಲ್ಲುತ್ತದೆ, ಒಂದು ಮೂಲೆಯಲ್ಲಿ ಕೂತು ರಾತ್ರಿ ಕಳೆಯಬಹುದು. ಇಲ್ಲಿ ಚಾವಣಿ ಹೋದರೆ ಗೋಡೆಗೆ ಆಸರೆ ಹೋಯಿತು. ಅವರ ಅನುಭವ ಸುಳ್ಳಲ್ಲ, ಬೇರೆ ಮನೆಯದು. ಗದರಿಸುವುದಕ್ಕಿಂತ ಒಮ್ಮೆ ಅವರನ್ನೇ ಕರೆದು ಸ್ಕರ್ಟಿಂಗ್ ಒಳಗೆ ತೋರಿಸಿ. ಮನೆ ಯಾವುದರ ಮೇಲೆ ಕೂತಿದೆ ಎಂದು ಕಂಡ ಮೇಲೆ ಹಿರಿಯರು ವಾದ ಮಾಡಿದ್ದು ಕಡಿಮೆ.

ಯಾವಾಗ ಹೊರಡಬೇಕು

ಜನ ಟಿವಿ ನಕ್ಷೆಯ ನಡುವಿನ ಗೆರೆ ನೋಡುತ್ತಾ ಕೂರುತ್ತಾರೆ. 2004ರಲ್ಲಿ ಚಾರ್ಲಿಯ ಗೆರೆ ಟ್ಯಾಂಪಾ ಕಡೆಗಿತ್ತು. ಕೊನೆಯಲ್ಲಿ ಬಲಕ್ಕೆ ತಿರುಗಿ ದಕ್ಷಿಣದ ಪುಂಟಾ ಗೋರ್ಡಾಕ್ಕೆ ನುಗ್ಗಿತು. 2022ರಲ್ಲಿ ಇಯಾನ್ ಕೂಡ ಕೆಲವು ದಿನ ಮೊದಲು ಟ್ಯಾಂಪಾದತ್ತ ಎನ್ನುವಂತಿದ್ದು, ಕೊನೆಗೆ ಚಾರ್ಲಿ ದಡ ಹತ್ತಿದ ಕಾಯೋ ಕೋಸ್ಟಾ ದ್ವೀಪದಲ್ಲೇ ದಡ ಹತ್ತಿತು. ನಕ್ಷೆಯಲ್ಲಿ ಆ ಗೆರೆಯ ಸುತ್ತ ಬಿಡಿಸುವ ಶಂಕು ಹೇಳುವುದು ಕೇಂದ್ರ ಎಲ್ಲಿ ಹೋಗಬಹುದು ಎಂದಷ್ಟೇ. ಗಾಳಿ, ಮಳೆ, ನೀರು ಎಷ್ಟು ಅಗಲಕ್ಕೆ ಹರಡುತ್ತದೆ ಎಂದು ಅದು ಹೇಳುವುದಿಲ್ಲ. 2024ರ ಹೆಲೀನ್ ದಡ ಹತ್ತಿದ್ದು ಉತ್ತರದಲ್ಲಿ ಪೆರ್ರಿ ಊರಿನ ಹತ್ತಿರ, ನೀರು ಉಕ್ಕಿ ಜನ ಸತ್ತದ್ದು ಟ್ಯಾಂಪಾ ಪಕ್ಕದ ಪಿನೆಲಸ್ ಕೌಂಟಿಯಲ್ಲೂ.

ಮೊಬೈಲ್ ಹೋಮ್‌ನವರು ಮರೆಯಬಾರದ ಘಟನೆ ಮಿಲ್ಟನ್‌ನದು. ಅದು 2024ರ ಅಕ್ಟೋಬರ್ 9ರ ರಾತ್ರಿ ಪಶ್ಚಿಮ ಕರಾವಳಿಯ ಸಿಯೆಸ್ಟಾ ಕೀಯಲ್ಲಿ ದಡ ಹತ್ತಿತು. ಅದಕ್ಕೆ ಕೆಲವು ಗಂಟೆ ಮೊದಲೇ, ಅದೇ ಮಧ್ಯಾಹ್ನ, ರಾಜ್ಯದ ಇನ್ನೊಂದು ಕಡೆ, ಪೂರ್ವ ಕರಾವಳಿಯ ಸೇಂಟ್ ಲೂಸಿ ಕೌಂಟಿಯಲ್ಲಿ ಅದರ ಹೊರಸುತ್ತಿನ ಮೋಡಗಳಿಂದ ಸುಂಟರಗಾಳಿ ಎದ್ದಿತು. ಸ್ಪ್ಯಾನಿಷ್ ಲೇಕ್ಸ್ ಕಂಟ್ರಿ ಕ್ಲಬ್ ವಿಲೇಜ್ ಎಂಬ ಮೊಬೈಲ್ ಹೋಮ್ ಬಡಾವಣೆಯಲ್ಲಿ ಆರು ಜನ ಸತ್ತರು. ಕೇಂದ್ರ ಎಲ್ಲೋ ಇದೆ, ರಾತ್ರಿಗೆ ಬರುತ್ತದೆ, ಸಂಜೆ ಹೊರಟರಾಯಿತು ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಹಾಗಾಗಿ ಗಡಿಯಾರ ಹೀಗೆ ಇಟ್ಟುಕೊಳ್ಳಿ. ಹರಿಕೇನ್ ವಾಚ್ (ಚಂಡಮಾರುತ ಬರಬಹುದು ಎಂಬ ಮುನ್ಸೂಚನೆ) ಬರುವುದು ಗಂಟೆಗೆ 39 ಮೈಲಿ ಮೀರಿದ ಗಾಳಿ ಶುರುವಾಗುವ ಸುಮಾರು 48 ಗಂಟೆ ಮೊದಲು, ವಾರ್ನಿಂಗ್ (ಬರುತ್ತದೆ ಎಂಬ ಎಚ್ಚರಿಕೆ) ಸುಮಾರು 36 ಗಂಟೆ ಮೊದಲು. ವಾಚ್ ಬಂದ ದಿನ ಪೆಟ್ರೋಲ್, ಔಷಧಿ, ಚೀಲ ಎಲ್ಲ ಸಿದ್ಧ ಇರಬೇಕು. ಮೊಬೈಲ್ ಹೋಮ್‌ಗಳ ಆದೇಶ ಬಂದ ಮೇಲೆ, ಹಗಲು ಬೆಳಕಿರುವಾಗಲೇ ಹೊರಡಿ. ನ್ಯಾಷನಲ್ ಹರಿಕೇನ್ ಸೆಂಟರ್ ತಾಣದಲ್ಲಿ ಬಿರುಸು ಗಾಳಿ ಬೇಗ ಎಂದರೆ ಎಷ್ಟು ಹೊತ್ತಿಗೆ ಮುಟ್ಟಬಹುದು ಎನ್ನುವ ನಕ್ಷೆ ಇರುತ್ತದೆ. ನಡುವಿನ ಗೆರೆಗಿಂತ ಅದು ನಿಮಗೆ ಉಪಯೋಗ. ಆ ಹೊತ್ತಿಗೆ ಮೊದಲೇ ನೀವು ತಲುಪಿ, ಮಗಳಿಗೆ ಊಟ ಮಾಡಿಸಿ ಮುಗಿಸಿರಬೇಕು. ಗಾಳಿ 40-45 ಮೈಲಿ ದಾಟಿದರೆ ಆಂಬ್ಯುಲೆನ್ಸ್ ಕೂಡ ಹೊರಬರುವುದಿಲ್ಲ.

ಎಲ್ಲಿಗೆ

ನನ್ನ ಮೊದಲ ಆಯ್ಕೆ: ಹತ್ತಿರದಲ್ಲೇ ಇರುವ ಪರಿಚಯದವರ ಬ್ಲಾಕ್ ಮನೆ. ಟ್ಯಾಂಪಾ, ಬ್ರ್ಯಾಂಡನ್, ಲೇಕ್‌ಲ್ಯಾಂಡ್ ಕಡೆ ಕನ್ನಡದ ಮನೆಗಳು ಇದ್ದೇ ಇವೆ. ಕೇಳಲು ಸಂಕೋಚ ಬೇಡ, ಆದರೆ ಬಿರುಗಾಳಿಯ ಹಿಂದಿನ ದಿನ ಕೇಳಬೇಡಿ, ಈಗಲೇ ಮಾತಾಡಿ ಇಡಿ. ಮೂರು ವಿಷಯ ನೋಡಿ: ಆ ಮನೆ ಇವ್ಯಾಕ್ಯುಯೇಷನ್ ಜೋನ್‌ನಲ್ಲಿ ಇರಬಾರದು; ಮಳೆ ನೀರು ನಿಲ್ಲುವ ತಗ್ಗಿನಲ್ಲಿ ಇರಬಾರದು (ಮಿಲ್ಟನ್ ಮಳೆಗೆ ಪ್ಲಾಂಟ್ ಸಿಟಿಯ ಒಳಭಾಗಗಳಲ್ಲೂ ನೀರು ನಿಂತಿತ್ತು); ಚಾವಣಿಯ ಮೇಲೆ ಬಾಗಿದ ದೊಡ್ಡ ಓಕ್ ಮರ ಇರಬಾರದು. ಫ್ಲೋರಿಡಾ ಬಿಲ್ಡಿಂಗ್ ಕೋಡ್ ಜಾರಿಗೆ ಬಂದದ್ದು 2002ರ ಮಾರ್ಚ್‌ನಲ್ಲಿ, ಆ ನಂತರ ಕಟ್ಟಿದ್ದಾದರೆ ಇನ್ನೂ ಒಳ್ಳೆಯದು.

ಹೋಟೆಲ್ ಎರಡನೆಯದು. ಬಹುಮಹಡಿ ಕಾಂಕ್ರೀಟ್ ಕಟ್ಟಡ ನೋಡಿ, ಬೇಗ ಬುಕ್ ಮಾಡಿ, ರದ್ದು ಮಾಡಲು ಬರುವಂಥ ದರವೇ ಇರಲಿ. ಕರೆಂಟ್ ಹೋದರೆ ಲಿಫ್ಟ್ ಇಲ್ಲ, ಆದ್ದರಿಂದ ಕೆಳಮಹಡಿಗಳಲ್ಲೇ ರೂಮ್ ಕೇಳಿ.

ಶೆಲ್ಟರ್ ಎಂದರೆ ಸಾಮಾನ್ಯವಾಗಿ ಶಾಲೆ. ಹೆದರುವಂಥದ್ದು ಏನಿಲ್ಲ, ಆರಾಮವೂ ಇಲ್ಲ. ಮಂಚ ಸಿಗುತ್ತದೆ ಎಂದು ನಂಬಬೇಡಿ. ಹಾಸಿಗೆ, ಹೊದಿಕೆ, ಅಮ್ಮನಿಗೆ ಆಗುವಂಥ ತಿಂಡಿ, ಎಲ್ಲ ನೀವೇ ಒಯ್ಯಬೇಕು. ಅವಲಕ್ಕಿ, ಚಪಾತಿ, ಖಾಕ್ರಾ ತರಹದ್ದು ಒಳ್ಳೆಯದು. ವೀಸಾ ಸ್ಥಿತಿ ನೋಡಿ ಒಳಗೆ ಬಿಡುವ ಪದ್ಧತಿ ಇಲ್ಲ, ನಿಮ್ಮ ತಂದೆ-ತಾಯಿ ವಿಸಿಟರ್ ಆಗಿದ್ದರೂ ಬರಬಹುದು. ಪ್ರತಿ ಬಾರಿ ಎಲ್ಲ ಶಾಲೆ ತೆರೆಯುವುದಿಲ್ಲ, ಕೌಂಟಿ ಆ ಸಲದ ಪಟ್ಟಿ ಕೊಡುತ್ತದೆ. ತಂದೆಯವರ ಮಷಿನ್‌ಗೆ ಕರೆಂಟ್ ಬೇಕಲ್ಲ, ಅದಕ್ಕೆ ಸ್ಪೆಷಲ್ ನೀಡ್ಸ್ ಶೆಲ್ಟರ್ ಎಂದು ಬೇರೆ ಇದೆ. ಅದಕ್ಕೆ ಮೊದಲೇ ಹೆಸರು ನೋಂದಾಯಿಸಬೇಕು. ಯಾರಿಗೆ ಜಾಗ ಎಂದು ತೀರ್ಮಾನಿಸುವವರು ಆ ನೋಂದಣಿ ನೋಡಿಕೊಳ್ಳುವ ಅಧಿಕಾರಿಗಳು. ಈ ವಾರವೇ ಆ ಕೆಲಸ ಮಾಡಿ. ಮಷಿನ್‌ಗೆ ಒಂದು ಬ್ಯಾಟರಿಯನ್ನೂ ಕೊಂಡಿಟ್ಟುಕೊಳ್ಳಿ.

ಅಟ್ಲಾಂಟಾ ನನ್ನ ಪಟ್ಟಿಯಲ್ಲಿ ಕೊನೆಯದು. ಸುಮಾರು 450 ಮೈಲಿ. ಮಾಮೂಲಿ ದಿನ ಒಂದು ಹಗಲಿನ ದಾರಿ. 2017ರಲ್ಲಿ ಇರ್ಮಾ ಬಂದಾಗ ಫ್ಲೋರಿಡಾದಲ್ಲಿ 65 ಲಕ್ಷಕ್ಕೂ ಹೆಚ್ಚು ಜನರಿಗೆ ಹೊರಡುವ ಸೂಚನೆ ಇತ್ತು. ಉತ್ತರಕ್ಕೆ ಹೋಗುವ ಐ-75 ಹೆದ್ದಾರಿಯಲ್ಲಿ ಕಾರುಗಳು ತೆವಳಿದವು, ಬಂಕುಗಳಲ್ಲಿ ಪೆಟ್ರೋಲ್ ಖಾಲಿ. 2005ರಲ್ಲಿ ಟೆಕ್ಸಸ್‌ನಲ್ಲಿ ರೀಟಾಕ್ಕೆ ಹೆದರಿ ಹೊರಟವರಲ್ಲಿ ಹೂಸ್ಟನ್ ದಾರಿಯಲ್ಲೇ ಹಲವಾರು ಜನ ಸೆಖೆಗೆ, ಅಪಘಾತಕ್ಕೆ ಬಲಿಯಾದರು. ದೂರ ಹೋದರೆ ಕ್ಷೇಮ ಎಂಬುದೂ ಖಾತ್ರಿಯಿಲ್ಲ. ಹೆಲೀನ್ ಜಾರ್ಜಿಯಾ ದಾಟಿ ಉತ್ತರ ಕೆರೊಲೈನಾದ ಬೆಟ್ಟದೂರು ಆಶ್‌ವಿಲ್ಲನ್ನೇ ನೀರಲ್ಲಿ ಮುಳುಗಿಸಿತು. ಹೋಗಲೇಬೇಕು ಎಂದಾದರೆ ಆದೇಶಕ್ಕೆ ಕಾಯದೆ ಎರಡು ಮೂರು ದಿನ ಮೊದಲೇ ಹೊರಡಿ. ಫ್ಲೋರಿಡಾದ ತುರ್ತು ನಿರ್ವಹಣಾ ಇಲಾಖೆಯೂ ಜನರಿಗೆ ಹೇಳುತ್ತಾ ಬಂದಿರುವುದು ನೂರಾರು ಮೈಲಿ ಬೇಡ, ಹತ್ತಾರು ಮೈಲಿ ಸಾಕು ಎಂದೇ.

ಯಾವುದೂ ಆಗದೆ ಸಿಕ್ಕಿಬಿದ್ದರೆ? ಪಾರ್ಕಿನ ಕ್ಲಬ್‌ಹೌಸ್ ಬ್ಲಾಕ್ ಕಟ್ಟಡವೇ ಎಂದು ಈಗಲೇ ನೋಡಿಟ್ಟುಕೊಳ್ಳಿ. ಎಷ್ಟೋ ಕಡೆ ಅದೂ ಹಗುರ ಕಟ್ಟಡವೇ. ಗಾಳಿ ಶುರುವಾದ ಮೇಲೆ ಕಾರು ಹತ್ತಬೇಡಿ. ಹರಿಯುವ ನೀರು ಎರಡು ಅಡಿ ಇದ್ದರೆ ಕಾರುಗಳನ್ನೇ ಒಯ್ಯುತ್ತದೆ. ಕಿಟಕಿಯಿಲ್ಲದ ಸಣ್ಣ ಒಳಕೋಣೆ, ಮೈಮೇಲೆ ಹಾಸಿಗೆ, ತಲೆಗೆ ಹೆಲ್ಮೆಟ್. ಇದು ಯೋಜನೆಯಲ್ಲ, ಕೈಮೀರಿದಾಗಿನ ದಾರಿ. ನಡುವೆ ಗಾಳಿ ತಟ್ಟನೆ ನಿಂತರೆ ಹೊರಗೆ ಬರಬೇಡಿ. ಚಂಡಮಾರುತದ ಕಣ್ಣು ಮೇಲೆ ಹಾದುಹೋಗುತ್ತಿರಬಹುದು, ಮತ್ತೆ ಎದುರು ದಿಕ್ಕಿನಿಂದ ಬೀಸುತ್ತದೆ.

ಔಷಧಿ, ಕಾಗದ, ಹಣ

ಬಳಸುತ್ತಿರುವ ಇನ್ಸುಲಿನ್ ಬಾಟಲಿ ಸಾಮಾನ್ಯವಾಗಿ 30 ಡಿಗ್ರಿ ಸೆಲ್ಸಿಯಸ್ ಒಳಗೆ ಸುಮಾರು 28 ದಿನ ಫ್ರಿಜ್ ಇಲ್ಲದೆ ಇರುತ್ತದೆ. ನಿಮ್ಮ ಬ್ರ್ಯಾಂಡಿನ ಚೀಟಿ ಓದಿ, ಬಿಸಿ ಕಾರಿನಲ್ಲಿ ಮಾತ್ರ ಬಿಡಬೇಡಿ. ಫ್ಲೋರಿಡಾದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದಾಗ ಔಷಧಿಯನ್ನು ಅವಧಿಗೆ ಮೊದಲೇ ತುಂಬಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶ ಇದೆ. ಆದರೆ ಊರಿನಿಂದ ತಂದ ಔಷಧಿಗೆ ಅದು ಅನ್ವಯಿಸದು, ಅದರ ಲೆಕ್ಕ ಈಗಲೇ ನೋಡಿ.

ಹೊರಡುವಾಗ ಮೇನ್ ಸ್ವಿಚ್, ಗ್ಯಾಸ್, ನೀರು ಬಂದ್ ಮಾಡಿ. ಕುಂಡ, ಕುರ್ಚಿ ಒಳಗಿಡಿ. ವಾಪಸ್ ಬಂದ ಮೇಲೆ ಜನರೇಟರ್ ಹಚ್ಚುವುದಾದರೆ ಮನೆಯಿಂದ ಕನಿಷ್ಠ 20 ಅಡಿ ದೂರ ಇರಲಿ. ಬಿರುಗಾಳಿ ದಾಟಿ ಬದುಕಿದವರು ಕಾರ್‌ಪೋರ್ಟ್‌ನಲ್ಲಿ ಜನರೇಟರ್ ಇಟ್ಟು ವಿಷಗಾಳಿಗೆ ಸಾಯುವುದು ಪ್ರತಿ ದೊಡ್ಡ ಚಂಡಮಾರುತದ ಮೇಲೂ ಕೇಳುವ ಸುದ್ದಿ.

ಇನ್ಶೂರೆನ್ಸ್ ಈಗಲೇ ನೋಡಿ. ಸರ್ಕಾರಿ ಫ್ಲಡ್ ಪಾಲಿಸಿ ಸಾಮಾನ್ಯವಾಗಿ ಕೊಂಡ 30 ದಿನದ ಮೇಲೆ ಜಾರಿಗೆ ಬರುತ್ತದೆ, ಚಂಡಮಾರುತ ಹತ್ತಿರ ಬಂದ ಮೇಲೆ ಖಾಸಗಿ ಕಂಪನಿಗಳೂ ಹೊಸ ಪಾಲಿಸಿ ಕೊಡುವುದಿಲ್ಲ.

ನೀವು ಕೇಳದ ಒಂದು ವಿಷಯ, ಆದರೆ ಎಚ್-1ಬಿಯವರು ಕೊನೆಗೆ ಕೇಳಿಯೇ ಕೇಳುತ್ತಾರೆ. ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾ ಕೊಡುವ ನಗದು ನೆರವು ಅಮೆರಿಕದ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್‌ನಂಥ ಕೆಲವು ವರ್ಗದವರಿಗೆ; ಎಚ್-1ಬಿ ಅದರಲ್ಲಿ ಬರುವುದಿಲ್ಲ. ಆದರೆ ನಿಮ್ಮ ಮಗಳು ಇಲ್ಲೇ ಹುಟ್ಟಿದವಳು. ಮನೆಯಲ್ಲಿ ಪ್ರಜೆಯಾದ ಮಗು ಇದ್ದರೆ ಆಕೆಯ ಪರವಾಗಿ ತಂದೆ-ತಾಯಿ ಅರ್ಜಿ ಹಾಕಲು ಫೆಮಾ ನಿಯಮದಲ್ಲಿ ಅವಕಾಶ ಇದೆ, ಅದಕ್ಕೆ ಮಗುವಿನ ಸೋಶಿಯಲ್ ಸೆಕ್ಯುರಿಟಿ ನಂಬರ್ ಬೇಕು. ಎಲ್ಲರ ಪಾಸ್‌ಪೋರ್ಟ್, ವೀಸಾ ಕಾಗದಗಳ ಜೊತೆ ಆಕೆಯ ಜನನ ಪತ್ರ, ಆ ಕಾರ್ಡು, ಮನೆಯ ಟೈಟಲ್ (ಮಾಲೀಕತ್ವದ ಪತ್ರ) ಒಂದೇ ನೀರು ಹೋಗದ ಚೀಲದಲ್ಲಿ ಇರಲಿ. ಇವತ್ತೇ ಮನೆಯ ಒಳಗೂ ಹೊರಗೂ, ಡೇಟಾ ಪ್ಲೇಟ್ ಮತ್ತು ಟೈ-ಡೌನ್ ಸಮೇತ, ಫೋನಿನಲ್ಲಿ ಫೋಟೊ ತೆಗೆದು ಊರಿನಲ್ಲಿರುವ ಯಾರಿಗಾದರೂ ಕಳಿಸಿಡಿ.